ಉಟ್ರೆಕ್ಟ್ ಕಾಲುವೆಗಳ ದಂಡೆಯಲ್ಲಿ ಗೆಳೆಯರೊಂದಿಗೆ ಒಂದು ದಿನ: ಓಡದೆ, ದಣಿಯದೆ ಕಳೆಯುವುದು ಹೇಗೆ?

ಪ್ರಶ್ನೆ: ಮಂದಗಾಮಿ

ಎಲ್ಲರಿಗೂ ನಮಸ್ಕಾರ.

ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವು ಐವರು ಗೆಳೆಯರು ಹಲವು ವರ್ಷಗಳ ನಂತರ ಮೇ ತಿಂಗಳಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರುತ್ತಿದ್ದೇವೆ. ಅಲ್ಲಿರುವ ಮೂರು ದಿನಗಳಲ್ಲಿ ಶನಿವಾರವನ್ನು ಮತ್ತೊಂದು ಕಾಲುವೆ ಪಟ್ಟಣಕ್ಕೆ ಹೋಗಿ ಸಂಜೆ ಮರಳುವುದಕ್ಕೆಂದು ಮೀಸಲಿಟ್ಟಿದ್ದೇವೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳು ಚೆನ್ನಾಗಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಹಿಂದೊಮ್ಮೆ ಹೋಗಿದ್ದಾಗ, ಸೇತುವೆಯ ಮೇಲೆ ಎರಡು ನಿಮಿಷ ನಿಂತು ಮಾತನಾಡೋಣವೆಂದರೆ ಹಿಂದಿನಿಂದ ಸೈಕಲ್ ಗಂಟೆ ಬಾರಿಸುತ್ತಿತ್ತು, ಮುಂದಿನಿಂದ ಬಾವುಟ ಹಿಡಿದ ಮಾರ್ಗದರ್ಶಿಯ ಹಿಂದೆ ನಲವತ್ತು ಜನ ಬರುತ್ತಿದ್ದರು. ಈ ಸಲ ನಮಗೆ ಬೇಕಾಗಿರುವುದು ನೋಡುವ ದಿನಕ್ಕಿಂತ ಹೆಚ್ಚಾಗಿ ಕೂರುವ ದಿನ.

ಉಟ್ರೆಕ್ಟ್ ಹತ್ತಿರವೆಂದೂ ಅಲ್ಲಿಯ ಕಾಲುವೆಗಳ ಸ್ವರೂಪವೇ ಬೇರೆಯೆಂದೂ ಓದಿದ್ದೇನೆ. ಆದರೆ ನನಗೆ ಸಿಕ್ಕಿದ ಬರಹಗಳೆಲ್ಲವೂ ಒಂದೇ ದಿನದಲ್ಲಿ ಹದಿನೈದು ಸ್ಥಳಗಳನ್ನು ಮುಗಿಸುವ ಉತ್ಸಾಹದಲ್ಲಿ ಬರೆದಂಥವು. ಅವನ್ನು ಓದಿದರೆ ಮನೆಯಿಂದ ಹೊರಡುವ ಮೊದಲೇ ಕಾಲು ನೋಯುತ್ತದೆ. ನಮ್ಮಲ್ಲಿ ಒಬ್ಬನಿಗೆ ಕಳೆದ ವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ. ಅವನು ಸಮತಟ್ಟಾದ ದಾರಿಯಲ್ಲಿ ನಡೆಯಬಲ್ಲ, ಮೆಟ್ಟಿಲುಗಳೆಂದರೆ ಹಿಂದೆಗೆಯುತ್ತಾನೆ. ಇನ್ನೊಬ್ಬನಿಗೆ ಛಾಯಾಗ್ರಹಣದ ಹುಚ್ಚು. ಉಳಿದ ಮೂವರಿಗೆ ಮಾತೇ ಹುಚ್ಚು.

ಉಟ್ರೆಕ್ಟಿನಲ್ಲಿ ವಾಸವಾಗಿರುವವರು ಅಥವಾ ನಿಧಾನವಾಗಿ ಸುತ್ತಾಡಿ ಬಂದವರು ದಯವಿಟ್ಟು ತಿಳಿಸಬೇಕು: ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗಿನ ಅವಧಿಯನ್ನು ಅಲ್ಲಿ ಹೇಗೆ ಕಳೆಯುವುದು ಉಚಿತ? ದೋಣಿಯಲ್ಲಿ ಹೋಗಬೇಕೇ, ನಡೆದರೆ ಸಾಕೇ? ಎಲ್ಲರೂ ಹೊಗಳುವ ಡೋಮ್ ಗೋಪುರವನ್ನು ಹತ್ತದೆ ಬಂದರೆ ದೊಡ್ಡದೇನನ್ನಾದರೂ ಕಳೆದುಕೊಂಡಂತಾಗುತ್ತದೆಯೇ?


ಉತ್ತರ: ನೀರಕಟ್ಟೆ

ಮಂದಗಾಮಿ ಅವರೇ, ನಾನು ಆರು ವರ್ಷ ಆ ಊರಿನಲ್ಲಿದ್ದೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇಷ್ಟೇ: ಒಂದೇ ಒಂದು ಕಾಲುವೆಯನ್ನು ಹಿಡಿಯಿರಿ, ಅದರ ಕೆಳಗಿನ ಅಂತಸ್ತಿಗೆ ಇಳಿಯಿರಿ, ಅಲ್ಲಿಂದ ಏಳಲು ಅವಸರಪಡಬೇಡಿ. ಕೆಳಗಿನ ಅಂತಸ್ತು ಎಂದರೇನೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ, ಏಕೆಂದರೆ ಉಟ್ರೆಕ್ಟಿನ ಗುಟ್ಟೆಲ್ಲ ಅಲ್ಲಿದೆ.

ಊರಿನ ನಡುವೆ ಹರಿಯುವ ಔಡೆಗ್ರಾಕ್ಟ್, ಅಂದರೆ ಹಳೆಯ ಕಾಲುವೆ, ಸುಮಾರು ಎರಡು ಕಿಲೋಮೀಟರ್ ಉದ್ದವಿದೆ. ಉಟ್ರೆಕ್ಟಿಗೆ ನಗರದ ಹಕ್ಕುಗಳು ದೊರೆತದ್ದು 1122ರಲ್ಲಿ. ಅದೇ ಕಾಲದಲ್ಲಿ ಮೇಲ್ಭಾಗದ ವೈಕ್ ಬೈ ಡ್ಯೂರ್‌ಸ್ಟೆಡೆ ಎಂಬಲ್ಲಿ ರೈನ್ ನದಿಯ ಈ ಕವಲಿಗೆ ಒಡ್ಡು ಕಟ್ಟಲಾಯಿತು. ಆಮೇಲೆ ಊರೊಳಗಿನ ನೀರಿನ ಮಟ್ಟ ಕೆಳಗಿಳಿದು ಹೆಚ್ಚು ಏರಿಳಿತವಿಲ್ಲದೆ ನಿಂತಿತು, ಬೀದಿ ಮಾತ್ರ ಮೇಲೆಯೇ ಉಳಿಯಿತು. ಸರಕನ್ನು ದೋಣಿಯಿಂದ ಅಷ್ಟು ಎತ್ತರಕ್ಕೆ ಎತ್ತಿ, ಮತ್ತೆ ಮನೆಯ ನೆಲಮಾಳಿಗೆಗೆ ಇಳಿಸುವ ಕಷ್ಟವೇಕೆಂದು ವರ್ತಕರು ತಮ್ಮ ನೆಲಮಾಳಿಗೆಗಳನ್ನು ಬೀದಿಯ ಅಡಿಯಲ್ಲೇ ಕಾಲುವೆಯ ಕಡೆಗೆ ಕೊರೆದು, ನೀರಿನ ಮಟ್ಟದಲ್ಲಿ ಬಾಗಿಲು ಇಟ್ಟು, ಅದರ ಮುಂದೆ ಸರಕು ಇಳಿಸಲು ಜಗಲಿಯಂತಹ ಜಾಗ ಕಟ್ಟಿಕೊಂಡರು. ಡಚ್ಚರು ಅದನ್ನು ವೆರ್ಫ್ ಎನ್ನುತ್ತಾರೆ. ನಾನು ಕಟ್ಟೆ ಎನ್ನುತ್ತೇನೆ. ಅಲ್ಲಿ ಈಗ ಜನ ಮಾಡುವುದೆಲ್ಲ ಕಟ್ಟೆಯ ಮೇಲೆ ಮಾಡುವ ಕೆಲಸವೇ ಆದ್ದರಿಂದ ನನ್ನ ಅನುವಾದ ತಪ್ಪಲ್ಲವೆಂದು ನಂಬಿದ್ದೇನೆ.

ಹೀಗಾಗಿ ಆ ಕಾಲುವೆಗೆ ಎರಡು ಬೀದಿಗಳಿವೆ. ಮೇಲಿನ ಬೀದಿಯಲ್ಲಿ ಅಂಗಡಿ, ಸೈಕಲ್, ಅವಸರ ಎಲ್ಲವೂ ಇರುತ್ತವೆ. ಒಂದು ಮಹಡಿಯಷ್ಟು ಕೆಳಗೆ ನೀರಿನ ಪಕ್ಕದ ಕಟ್ಟೆಯಿದೆ, ಅದರ ಮೇಲೆ ದೊಡ್ಡ ಮರಗಳಿವೆ, ಹಿಂದೆ ಇಟ್ಟಿಗೆಯ ಕಮಾನುಗಳ ನೆಲಮಾಳಿಗೆಗಳು ಸಾಲಾಗಿವೆ. ಅವುಗಳಲ್ಲಿ ಕೆಲವು ಹೋಟೆಲುಗಳಾಗಿವೆ, ಕೆಲವು ಕಾರ್ಯಾಗಾರಗಳು, ಇನ್ನು ಕೆಲವು ಮನೆಗಳು. ಮೇಲಿನ ಗದ್ದಲ ಕೆಳಗೆ ಇಳಿಯುವಷ್ಟರಲ್ಲಿ ಅರ್ಧವಾಗಿರುತ್ತದೆ. ಇಂತಹ ವ್ಯವಸ್ಥೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಲ್ಲ. ಅಲ್ಲಿ ನೀರನ್ನು ಮೇಲಿನಿಂದ ಬಾಗಿ ನೋಡಬೇಕು, ಇಲ್ಲಿ ಅದರ ಪಕ್ಕದಲ್ಲಿ ಕಾಲು ಚಾಚಿ ಕೂರಬಹುದು.

ಬರುವ ದಾರಿ ಸುಲಭ. ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್ ನಿಲ್ದಾಣದಿಂದ ಇಂಟರ್‌ಸಿಟಿ ರೈಲು ಅರ್ಧ ಗಂಟೆಯೊಳಗೆ ಉಟ್ರೆಕ್ಟ್ ಸೆಂಟ್ರಾಲಿಗೆ ತಲುಪಿಸುತ್ತದೆ, ಗಂಟೆಗೆ ಹಲವು ರೈಲುಗಳಿವೆ, ಆಸನ ಕಾದಿರಿಸುವ ಪ್ರಶ್ನೆಯೇ ಇಲ್ಲ. ಸ್ಪರ್ಶದಿಂದ ಹಣ ಪಾವತಿಸುವ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು. ಒಬ್ಬರಿಗೆ ಒಂದು ಕಾರ್ಡು ಬೇಕೇ ಬೇಕು. ಒಬ್ಬನ ಕಾರ್ಡಿನಲ್ಲಿ ಐವರೂ ನುಗ್ಗಲಾಗುವುದಿಲ್ಲ. ಒಳಗೆ ಹೋದ ಕಾರ್ಡಿನಿಂದಲೇ ಹೊರಗೆ ಬರುವಾಗಲೂ ತಾಗಿಸಬೇಕೆಂಬುದನ್ನು ಮರೆತವರು ಹೆಚ್ಚು ಹಣ ತೆರುತ್ತಾರೆ. ಮರೆತವರಲ್ಲಿ ನಾನೂ ಒಬ್ಬ.

ನಿಲ್ದಾಣದಿಂದ ಹೊರಬರುವಾಗ ಹೋಖ್ ಕಟರೈನೆ ಎಂಬ ಮಾರಾಟ ಮಳಿಗೆಗಳ ಮಹಾಕಟ್ಟಡದೊಳಗೆ ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಳ್ಳಿ. ಅದರ ಪಕ್ಕದಲ್ಲೇ, ಅಷ್ಟೇಕೆ ಅಡಿಯಲ್ಲೂ ಹರಿಯುವ ಕಟರೈನೆಸಿಂಗಲ್ ಎಂಬ ಕಂದಕದ ಮುಂದೆ ಐದು ನಿಮಿಷ ನಿಲ್ಲಿರಿ. ಹಳೆಯ ಊರನ್ನು ಸುತ್ತುವರಿದ ಈ ಕಂದಕದ ಪಶ್ಚಿಮ ಭಾಗದ ನೀರನ್ನು 1970ರ ದಶಕದ ಆರಂಭದಲ್ಲಿ ಬತ್ತಿಸಿ ಅದರಲ್ಲಿ ಕಾರುಗಳಿಗಾಗಿ ಅಗಲವಾದ ಹೆದ್ದಾರಿ ಮಾಡಿದ್ದರು. 2002ರಲ್ಲಿ ನಡೆದ ಜನಮತದಲ್ಲಿ ಊರಿನವರು ನೀರನ್ನೇ ಮರಳಿ ತರಬೇಕೆಂಬ ಯೋಜನೆಯನ್ನು ಆರಿಸಿದರು. 2020ರ ಸೆಪ್ಟೆಂಬರಿನಲ್ಲಿ ಉಂಗುರ ಮತ್ತೆ ಕೂಡಿಕೊಂಡಿತು, ಈಗ ದೋಣಿಯಲ್ಲಿ ಊರಿನ ಸುತ್ತಲೂ ಪೂರ್ತಿ ಬಳಸಿ ಬರಬಹುದು. ಹೆದ್ದಾರಿಯೊಂದು ಮತ್ತೆ ಕಾಲುವೆಯಾದದ್ದನ್ನು ನಾನು ಬೇರೆಲ್ಲೂ ನನ್ನ ಕಣ್ಣಿನಿಂದ ನೋಡಿಲ್ಲ.

ಶನಿವಾರ ಬರುತ್ತಿರುವುದು ನಿಮ್ಮ ಅದೃಷ್ಟ. ಬೆಳಿಗ್ಗೆ ಬ್ರೇಡ್‌ಸ್ಟ್ರಾಟ್ ಎಂಬ ಬೀದಿಯಲ್ಲಿ ಬಟ್ಟೆಯ ತುಂಡುಗಳ ಸಂತೆ ನಡೆಯುತ್ತದೆ. 16ನೆಯ ಶತಮಾನದ ಕೊನೆಯಿಂದಲೂ ಬಂದಿರುವ ಸಂತೆ ಅದು, ಮಧ್ಯಾಹ್ನದ ವೇಳೆಗೆ ಮುಗಿದುಹೋಗುತ್ತದೆ. ಔಡೆಗ್ರಾಕ್ಟಿನ ದಂಡೆಯಲ್ಲಿ ಹೂವಿನ ಅಂಗಡಿಗಳು ಬಂದಿರುತ್ತವೆ. ಇವೆರಡಕ್ಕಿಂತಲೂ ನನಗೆ ಪ್ರಿಯವಾದದ್ದು ಕಲ್ಲಿನ ಕವಿತೆ. ಔಡೆಗ್ರಾಕ್ಟಿನ ದಕ್ಷಿಣದ ತುದಿಯ ಕಡೆ ಬೀದಿಯ ಹಾಸುಗಲ್ಲುಗಳಲ್ಲಿ 2012ರಿಂದ ಒಂದು ಕವಿತೆ ಬೆಳೆಯುತ್ತಿದೆ. ಪ್ರತಿ ಶನಿವಾರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಕಲ್ಲುಕುಟಿಗರೊಬ್ಬರು ಬಂದು ಮುಂದಿನ ಒಂದೇ ಒಂದು ಅಕ್ಷರವನ್ನು ಕೆತ್ತುತ್ತಾರೆ. ಒಂದು ಕಲ್ಲಿಗೆ ಒಂದು ಅಕ್ಷರ, ವಾರಕ್ಕೆ ಒಂದು ಕಲ್ಲು. ಕವಿಯೊಬ್ಬರ ಪಾಲು ಮುಗಿದರೆ ಇನ್ನೊಬ್ಬ ಕವಿ ಮುಂದುವರಿಸುತ್ತಾರೆ, ಕೊನೆಯೆಂಬುದನ್ನು ಯಾರೂ ಗೊತ್ತುಮಾಡಿಲ್ಲ. ನಿಮ್ಮ ಹೆಸರಿಗೆ ತಕ್ಕ ಕೆಲಸ ಅದು. ಎರಡು ಅಕ್ಷರಗಳ ನಡುವೆ ಏಳು ದಿನ ಕಾಯುವ ಕವಿತೆಯ ಪಕ್ಕದಲ್ಲಿ ನಿಂತಾಗ ಕೈಗಡಿಯಾರವನ್ನು ನೋಡಿಕೊಳ್ಳಲು ನಾಚಿಕೆಯಾಗುತ್ತದೆ.

ಇನ್ನು ಡೋಮ್ ಗೋಪುರ. 112 ಮೀಟರ್ ಎತ್ತರ, 465 ಮೆಟ್ಟಿಲು, 1321ರಿಂದ 1382ರವರೆಗೆ ಕಟ್ಟಿದ್ದು. ಮಾರ್ಗದರ್ಶಿಯ ಜೊತೆಗೆ ಮಾತ್ರ ಹತ್ತಲು ಬಿಡುತ್ತಾರೆ. ಮೇಲಿನ ನೋಟ ಚೆನ್ನಾಗಿದೆ, ಆದರೆ ಹತ್ತದಿದ್ದರೆ ನಷ್ಟವಿಲ್ಲವೆಂದೇ ನನ್ನ ಅಭಿಪ್ರಾಯ. ಏಕೆಂದರೆ ಆ ಗೋಪುರದ ನಿಜವಾದ ವಿಚಿತ್ರ ಕೆಳಗಿದೆ. ಗೋಪುರ ಒಂದು ಕಡೆ, ಅದು ಸೇರಿದ್ದ ಚರ್ಚು ಇನ್ನೊಂದು ಕಡೆ, ನಡುವೆ ಬಯಲು. 1674ರ ಆಗಸ್ಟ್ 1ರಂದು ಬಂದ ಬಿರುಗಾಳಿಗೆ ಚರ್ಚಿನ ನಡುಭಾಗ ಕುಸಿದುಬಿತ್ತು. ಆ ಅವಶೇಷಗಳನ್ನು ತೆರವುಗೊಳಿಸಿದ್ದು ಸುಮಾರು ಒಂದೂವರೆ ಶತಮಾನದ ನಂತರ. ಬಿದ್ದದ್ದನ್ನು ಮತ್ತೆ ಕಟ್ಟಲೇ ಇಲ್ಲ. ಈಗ ಆ ಬಯಲಿನ ನೆಲದಲ್ಲಿ ಹಳೆಯ ಗೋಡೆ, ಕಂಬಗಳಿದ್ದ ಜಾಗವನ್ನು ಬೇರೆ ಬಣ್ಣದ ಕಲ್ಲುಗಳಿಂದ ಗುರುತಿಸಿದ್ದಾರೆ. ನಿಮ್ಮ ಛಾಯಾಗ್ರಾಹಕ ಮಿತ್ರರು ಅಲ್ಲಿ ಅರ್ಧ ಗಂಟೆ ಕಳೆಯಲಿ. ಉಳಿದವರು ಚರ್ಚಿಗೆ ಅಂಟಿಕೊಂಡಿರುವ ಪಾಂಡ್‌ಹೋಫ್ ಎಂಬ ಒಳತೋಟಕ್ಕೆ ಹೋಗಿ ಕೂರಬಹುದು. ಔಷಧಿ ಗಿಡಗಳು, ಕಮಾನಿನ ಪಡಸಾಲೆ, ನಡುವೆ ಒಂದು ಕಾರಂಜಿ. ಗಂಟೆಗೋಪುರದ ನಾದ ಅಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಊಟವಾದ ನಂತರ ನ್ಯೂವೆಗ್ರಾಕ್ಟ್ ಕಡೆಗೆ ತಿರುಗಿ. ಹೊಸ ಕಾಲುವೆಯೆಂದು ಹೆಸರು, ಆದರೆ 14ನೆಯ ಶತಮಾನದ ಕೊನೆಯದ್ದು. ಅಲ್ಲಿಯೂ ಕೆಳಗಿನ ಕಟ್ಟೆಗಳಿವೆ, ಅಂಗಡಿ ಮತ್ತು ಹೋಟೆಲುಗಳು ಇಲ್ಲವೆಂಬಷ್ಟು ಕಡಿಮೆ. ಔಡೆಗ್ರಾಕ್ಟ್ ಜಾತ್ರೆಯಾದರೆ ಇದು ಜಾತ್ರೆ ಮುಗಿದ ಮರುದಿನ.

ಒಂದು ಎಚ್ಚರಿಕೆ: ಕೆಳಗಿನ ಕಟ್ಟೆಗಳ ಅಂಚಿಗೆ ಕಂಬಿಗಳಿಲ್ಲ. ಮಾತಿನ ಭರದಲ್ಲಿ ಹಿಂದಕ್ಕೆ ಹೆಜ್ಜೆ ಇಡಬೇಡಿ, ವಿಶೇಷವಾಗಿ ಫೋಟೋ ತೆಗೆಯುವವರು.


ಉತ್ತರ: ಹುಟ್ಟುಗೋಲು

ನೀರಕಟ್ಟೆ ಅವರು ದೋಣಿಯ ಪ್ರಶ್ನೆಯನ್ನು ಜಾಣತನದಿಂದ ತಪ್ಪಿಸಿಕೊಂಡಿದ್ದಾರೆ. ನೀರಿನ ಊರಿಗೆ ಹೋಗಿ ನೀರಿಗೆ ಇಳಿಯದೆ ಬರುವುದನ್ನು ನಾನು ಒಪ್ಪಲಾರೆ, ಆದ್ದರಿಂದ ಆ ಭಾಗವನ್ನು ನಾನು ಪೂರೈಸುತ್ತೇನೆ.

ಸುಲಭವಾದ ದಾರಿಯೆಂದರೆ ಔಡೆಗ್ರಾಕ್ಟಿನಿಂದ ಹೊರಡುವ ಪ್ರವಾಸಿ ದೋಣಿ. ಸುಮಾರು ಒಂದು ಗಂಟೆಯ ಸುತ್ತು, ಮೊಣಕಾಲು ನೋವಿನವರೂ ಆರಾಮವಾಗಿ ಕೂರಬಹುದು. ವಿವರಣೆಯ ಧ್ವನಿ ನಿರಂತರವಾಗಿ ಕಿವಿಗೆ ಬೀಳುತ್ತಿರುತ್ತದೆಯಾದ್ದರಿಂದ ನಿಮ್ಮ ಮೂವರು ಮಾತುಗಾರರಿಗೆ ಸ್ವಲ್ಪ ಹಿಂಸೆಯಾಗಬಹುದು. ಇನ್ನೊಂದು ದಾರಿ ಪೆಡಲ್ ತುಳಿಯುವ ದೋಣಿ. ಒಂದರಲ್ಲಿ ಎಲ್ಲರೂ ಹಿಡಿಸುವುದಿಲ್ಲವೆಂದು ಎರಡು ಮಾಡಬೇಕು, ಆಗ ಎರಡು ದೋಣಿಗಳ ನಡುವೆ ಕೂಗಾಡುತ್ತ ಮಾತನಾಡಬೇಕು, ಜೊತೆಗೆ ಮೊಣಕಾಲಿನ ವಿಚಾರ ಬೇರೆ. ಇದನ್ನು ನಾನು ನಿಮಗೆ ಹೇಳುವುದಿಲ್ಲ.

ನನ್ನ ಸಲಹೆ ಬಾಡಿಗೆಯ ಚಿಕ್ಕ ವಿದ್ಯುತ್ ದೋಣಿ. ಚಾಲನೆಯ ಪರವಾನಗಿ ಬೇಡ, ಮೋಟಾರಿನ ಸದ್ದಿಲ್ಲ, ಐವರು ಎದುರುಬದುರಾಗಿ ಕೂರಬಹುದು, ನಡೆದಾಡುವವನಿಗಿಂತ ವೇಗವಾಗಿ ಹೋಗುವ ಗೊಡವೆ ಯಾರಿಗೂ ಇಲ್ಲ. ಔಡೆಗ್ರಾಕ್ಟಿನ ಸೇತುವೆಗಳು ತಗ್ಗಾಗಿರುತ್ತವೆ, ಕಮಾನಿನ ಅಡಿಯಲ್ಲಿ ತಲೆ ತಗ್ಗಿಸುವುದನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳಿ. ಎದುರಿನಿಂದ ಪ್ರವಾಸಿ ದೋಣಿ ಬಂದರೆ ಪಕ್ಕಕ್ಕೆ ಸರಿದು ಬಿಟ್ಟುಕೊಡಿ, ಅದರ ಚಾಲಕರಿಗೆ ನಿಮ್ಮ ಕೌಶಲದ ಮೇಲೆ ನಂಬಿಕೆ ಇರುವುದಿಲ್ಲ.

ನೀರಿನಿಂದ ಮಾತ್ರ ಚೆನ್ನಾಗಿ ಕಾಣುವ ಒಂದು ಸಂಗತಿಯಿದೆ. ಮೇಲಿನ ಬೀದಿಯ ದೀಪದ ಕಂಬಗಳಿಗೆ ಆಧಾರವಾಗಿ ಕಟ್ಟೆಯ ಗೋಡೆಯಿಂದ ಕಲ್ಲಿನ ತೊಲೆಗಳು ಚಾಚಿಕೊಂಡಿವೆ, ಪ್ರತಿಯೊಂದರ ಮೇಲೂ ಒಂದು ಕೆತ್ತನೆ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಮಾಡಿಸಿದ ಕೆತ್ತನೆಗಳು ಇವು, ಸಂಖ್ಯೆ ಮುನ್ನೂರನ್ನು ಮೀರುತ್ತದೆ. ಹಲವು ಕೆತ್ತನೆಗಳು ಆ ಜಾಗದ ಹಳೆಯ ಕಥೆಯನ್ನೋ ಎದುರಿನ ಮನೆಯ ಕಸುಬನ್ನೋ ಹೇಳುತ್ತವೆ. ಮೇಲಿನಿಂದ ನಡೆದು ಹೋಗುವವನು ಅವುಗಳ ಮೇಲೆಯೇ ನಡೆದಿರುತ್ತಾನೆ, ನೋಡಿರುವುದಿಲ್ಲ. ಹಾಗೆಯೇ ನಡುವೆ ಸಿಗುವ ವಿಂಕೆಲ್ ವಾನ್ ಸಿಂಕೆಲ್ ಎಂಬ 1839ರ ಕಟ್ಟಡದ ಮುಂಭಾಗದಲ್ಲಿ ಎರಕದ ಕಬ್ಬಿಣದ ಹೆಣ್ಣುಮೂರ್ತಿಗಳು ಕಂಬಗಳಂತೆ ನಿಂತಿವೆ. ಇಂಗ್ಲೆಂಡಿನಲ್ಲಿ ಎರಕ ಹೊಯ್ದು ತಂದ ಆ ಮೂರ್ತಿಗಳನ್ನು ಕಾಲುವೆಯಿಂದ ಮೇಲೆತ್ತುವಾಗ ಊರಿನ ಹಳೆಯ ಕ್ರೇನೇ ಭಾರ ತಾಳದೆ ಮುರಿದುಬಿತ್ತು. ಅವರ ಗಂಭೀರ ಮುಖಗಳನ್ನು ಕೆಳಗಿನಿಂದ ನೋಡುವಾಗ ಈ ಕಥೆ ಗೊತ್ತಿದ್ದರೆ ಚೆನ್ನ.

ಬಾಡಿಗೆಯ ವಿಷಯದಲ್ಲಿ ನಮ್ಮ ಪಾಡನ್ನೂ ಹೇಳಿಬಿಡುತ್ತೇನೆ. ನಾವು ಬಿಸಿಲಿನ ಶನಿವಾರದಂದು ಮೊದಲೇ ಕಾದಿರಿಸದೆ ಹೋಗಿ, ಒಂದು ಕಡೆ ಎರಡು ಗಂಟೆ ಕಾಯ್ದು, ಕೊನೆಗೆ ಸಿಕ್ಕ ದೋಣಿಯ ಬ್ಯಾಟರಿ ಅರ್ಧ ದಾರಿಯಲ್ಲಿ ಸೋತುದರಿಂದ ಹುಟ್ಟುಹಾಕಿಕೊಂಡು ಮರಳಿದೆವು. ನನ್ನ ಹೆಸರು ಅಂದಿನಿಂದ ಬಂದದ್ದು. ನೀವು ಬೆಳಗಿನ ಮೊದಲ ವೇಳೆಯನ್ನು ಕಾದಿರಿಸಿ, ಹೊರಡುವ ಮುನ್ನ ಬ್ಯಾಟರಿಯ ಸೂಚಕವನ್ನು ನೋಡಿ.

ಇನ್ನೂ ಒಂದು ದಿನವಿದ್ದಿದ್ದರೆ ವಕ್ರ ರೈನ್ ಎಂಬ ಅರ್ಥದ ಕ್ರೊಮ್ಮೆ ರೈನ್ ನದಿಯಲ್ಲಿ ಕಾನೂ ದೋಣಿ ಹಿಡಿದು ಆಮೆಲಿಸ್‌ವೇರ್ಡ್ ಕಾಡಿನ ನಡುವೆ ರೈನೌವೆನ್‌ವರೆಗೆ ಹೋಗಿ ಪ್ಯಾನ್‌ಕೇಕ್ ತಿಂದು ಬನ್ನಿರೆಂದು ಹೇಳುತ್ತಿದ್ದೆ. ಒಂದೇ ದಿನದಲ್ಲಿ ಅದನ್ನೂ ಇದನ್ನೂ ಸೇರಿಸಿದರೆ ನೀವು ಬೇಡವೆಂದ ಓಟವೇ ಆಗುತ್ತದೆ.


ಉತ್ತರ: ಡೆಲ್ಫ್ಟ್ ಅಭಿಮಾನಿ

ಎಲ್ಲರೂ ಉಟ್ರೆಕ್ಟ್ ಎಂದರೆ ಸಾಕು ಕಣ್ಣು ಮುಚ್ಚಿಕೊಳ್ಳುತ್ತೀರಿ. ಮೇ ತಿಂಗಳ ಶನಿವಾರದಂದು ಔಡೆಗ್ರಾಕ್ಟಿನ ನಡುಭಾಗದಲ್ಲಿ ಎಷ್ಟು ಜನರಿರುತ್ತಾರೆಂಬುದನ್ನು ಯಾರೂ ಬರೆದಿಲ್ಲ. ಸುತ್ತಲಿನ ಊರುಗಳವರೆಲ್ಲ ಖರೀದಿಗೆ ಬರುವ ದಿನ ಅದು. ನಿಧಾನವೇ ಮುಖ್ಯವಾದರೆ ಡೆಲ್ಫ್ಟ್ ಏಕಾಗಬಾರದು? ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಊರು ಚಿಕ್ಕದು, ಕಾಲುವೆಗಳು ಕಿರಿದು, ಓರೆಯಾಗಿ ನಿಂತ ಗೋಪುರವಿರುವ ಹಳೆಯ ಚರ್ಚಿನಲ್ಲಿ ಚಿತ್ರಕಾರ ಯೊಹಾನೆಸ್ ವರ್ಮೀರನ ಸಮಾಧಿಯಿದೆ. ಅವನು 1632ರಲ್ಲಿ ಹುಟ್ಟಿದ್ದೂ 1675ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ. ಬೇಸಿಗೆಯ ಶನಿವಾರಗಳಲ್ಲಿ ಕಾಲುವೆಯ ದಂಡೆಯ ಮೇಲೆ ಹಳೆಯ ಸಾಮಾನುಗಳ ಸಂತೆ ಸೇರುತ್ತದೆ. ಮೊಣಕಾಲಿಗೆ ತೊಂದರೆ ಕೊಡುವ ಕೆಳಗಿನ ಅಂತಸ್ತು ಅಲ್ಲಿ ಇಲ್ಲವೆಂಬುದನ್ನು ಗುಣವೆಂದೇ ಎಣಿಸಬೇಕು.


ಉತ್ತರ: ನೀರಕಟ್ಟೆ

ಡೆಲ್ಫ್ಟ್ ಅಭಿಮಾನಿ ಅವರ ಆಕ್ಷೇಪಣೆ ನ್ಯಾಯವಾದದ್ದು. ಚಿತ್ರದಂತಹ ಚೆಲುವಿನಲ್ಲಿ ಡೆಲ್ಫ್ಟ್ ಒಂದು ಕೈ ಮೇಲೆಯೇ. ಜನಸಂದಣಿಯ ಮಾತೂ ನಿಜ, ಆದರೆ ಅದು ಪುರಭವನದಿಂದ ಡೋಮ್‌ವರೆಗಿನ ನಾಲ್ಕೈದು ನೂರು ಮೀಟರಿನ ಸಮಸ್ಯೆ. ದಕ್ಷಿಣಕ್ಕೆ ಟ್ವೈನ್‌ಸ್ಟ್ರಾಟ್ ಕಡೆ ಹತ್ತು ನಿಮಿಷ ನಡೆದರೆ ಅದೇ ಕಾಲುವೆಯಲ್ಲಿ ಖಾಲಿ ಕಟ್ಟೆಗಳು ಸಿಗುತ್ತವೆ. ಬಿಸಿಲಿದ್ದರೆ ಸಂಜೆ ಐದರ ಹೊತ್ತಿಗೆ ಹೋಟೆಲುಗಳ ಹೊರಗಿನ ಕುರ್ಚಿಗಳೆಲ್ಲ ತುಂಬಿಬಿಡುತ್ತವೆ. ಆದ್ದರಿಂದ ನಾಲ್ಕಕ್ಕೇ ಜಾಗ ಹಿಡಿಯಿರಿ. ನಗದನ್ನು ತೆಗೆದುಕೊಳ್ಳದ ಅಂಗಡಿಗಳು ಅಲ್ಲಿ ಬಹಳ. ಬಾಗಿಲ ಮೇಲೆ ಕಾರ್ಡು ಮಾತ್ರ ಎಂದು ಬರೆದಿರುತ್ತಾರೆ.

ಮೇ ತಿಂಗಳಾದ್ದರಿಂದ ಇನ್ನೊಂದು ಸೇರಿಸುತ್ತೇನೆ. ಔಡೆಗ್ರಾಕ್ಟಿನ ಉತ್ತರದ ತುದಿಯಲ್ಲಿ ವೇರ್ಡ್‌ಸ್ಲೌಸ್ ಎಂಬ ಹಳೆಯ ಜಲದ್ವಾರವಿದೆ. ವಸಂತದಲ್ಲಿ ಮೊಟ್ಟೆ ಇಡಲು ಆಳವಿಲ್ಲದ ನೀರನ್ನು ಹುಡುಕಿಕೊಂಡು ಮೀನುಗಳು ಊರನ್ನು ದಾಟಿ ಹೋಗಬೇಕು, ಆದರೆ ಆ ಕಾಲದಲ್ಲಿ ದೋಣಿಗಳ ಓಡಾಟ ಕಡಿಮೆಯಾದ್ದರಿಂದ ದ್ವಾರ ಮುಚ್ಚಿಯೇ ಇರುತ್ತದೆ. ಕಾಯುತ್ತ ನಿಂತ ಮೀನುಗಳು ಹಕ್ಕಿಗಳಿಗೂ ದೊಡ್ಡ ಮೀನುಗಳಿಗೂ ಆಹಾರವಾಗುತ್ತಿದ್ದವು. 2021ರಿಂದ ಅಲ್ಲಿ ನೀರಿನೊಳಗೆ ಕ್ಯಾಮೆರಾ ಇಟ್ಟು ಅಂತರ್ಜಾಲದಲ್ಲಿ ನೇರವಾಗಿ ತೋರಿಸುತ್ತಾರೆ. ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವರಾದರೂ ಮೀನನ್ನು ಕಂಡಾಗ ಪರದೆಯ ಮೇಲಿನ ಕರೆಗಂಟೆಯನ್ನು ಒತ್ತಿದರೆ, ಆ ಕ್ಷಣದ ಚಿತ್ರ ಉಸ್ತುವಾರಿಯವರಿಗೆ ತಲುಪುತ್ತದೆ. ಸಾಕಷ್ಟು ಮೀನುಗಳು ಸೇರಿದಾಗ ದ್ವಾರ ತೆರೆಯುತ್ತಾರೆ. ಮನೆಗೆ ಬಂದ ಅತಿಥಿ ಬಾಗಿಲು ತಟ್ಟಲಾರದವನಾದರೆ ಅವನ ಪರವಾಗಿ ದಾರಿಹೋಕರು ತಟ್ಟುವಂತೆ.


ಉತ್ತರ: ಊರುಗೋಲು

ಹುಟ್ಟುಗೋಲು ಅವರ ಹೆಸರನ್ನು ನೋಡಿ ನನ್ನ ಹೆಸರನ್ನು ಇಟ್ಟುಕೊಂಡೆನೆಂದು ತಿಳಿಯಬೇಡಿ. ನಾನು ಎರಡು ವರ್ಷಗಳಿಂದ ನಿಜವಾಗಿಯೂ ಊರುಗೋಲಿನವನು. ಅದರೊಂದಿಗೇ ಉಟ್ರೆಕ್ಟ್ ನೋಡಿ ಬಂದಿದ್ದೇನೆ.

ನಿಮ್ಮ ಗೆಳೆಯರಿಗೆ ಕೆಳಗಿನ ಕಟ್ಟೆ ಅಸಾಧ್ಯವಲ್ಲ, ಆದರೆ ಇಳಿಯುವ ಮೆಟ್ಟಿಲುಗಳನ್ನು ಆರಿಸಿಕೊಳ್ಳಬೇಕು. ಕೆಲವು ಕಡೆ ಅವು ಕಡಿದಾಗಿ, ಸವೆದು, ಮಳೆ ಬಂದರೆ ಜಾರುತ್ತವೆ. ಹಿಡಿಕೆ ಇರುವ ಮೆಟ್ಟಿಲು ಸಿಗುವವರೆಗೆ ಮೇಲೆಯೇ ನಡೆಯಿರಿ, ಒಮ್ಮೆ ಇಳಿದ ಮೇಲೆ ಅಲ್ಲಿಯೇ ಊಟ, ಅಲ್ಲಿಯೇ ಕಾಫಿ ಎಂದು ನಿರ್ಧರಿಸಿದರೆ ಇಳಿಯುವುದು ಒಂದು ಸಲ, ಹತ್ತುವುದು ಒಂದು ಸಲ. ನೆಲದ ಇಟ್ಟಿಗೆಗಳು ಸಮನಾಗಿಲ್ಲ, ಮರದ ಬೇರುಗಳು ಅಲ್ಲಲ್ಲಿ ಎತ್ತಿವೆ. ಕಾಲುವೆಯ ಗೋಡೆಗಳ ದುರಸ್ತಿ ಹಲವು ವರ್ಷಗಳಿಂದ ಹಂತಹಂತವಾಗಿ ನಡೆಯುತ್ತಿರುವುದರಿಂದ ಒಂದೆರಡು ಕಡೆ ಬೇಲಿ ಹಾಕಿದ್ದರೂ ಆಶ್ಚರ್ಯವಿಲ್ಲ.

ಮಳೆ ಬಂದರೆ ಊರಿನ ನಡುವೆಯೇ ಇರುವ ಸ್ಪೇಲ್‌ಕ್ಲಾಕ್ ಸಂಗ್ರಹಾಲಯಕ್ಕೆ ಹೋಗಿ. ತಾವಾಗಿಯೇ ನುಡಿಯುವ ವಾದ್ಯಗಳ ಸಂಗ್ರಹ ಅದು. ಅಂಗೈಯಷ್ಟು ಪೆಟ್ಟಿಗೆಯಿಂದ ಹಿಡಿದು ಬೀದಿಯನ್ನೇ ತುಂಬುವಂತಹ ಆರ್ಗನ್‌ವರೆಗೆ ಎಲ್ಲವನ್ನೂ ನುಡಿಸಿ ತೋರಿಸುತ್ತಾರೆ, ಕೂರಲೂ ಅವಕಾಶವಿದೆ. ಅದು ಇರುವುದು ಬ್ಯೂರ್‌ಕೆರ್ಕ್ ಎಂಬ ಹಳೆಯ ಚರ್ಚಿನೊಳಗೆ. 15ನೆಯ ಶತಮಾನದಲ್ಲಿ ಸಿಸ್ಟರ್ ಬೆರ್ಟ್‌ಕೆನ್ ಎಂಬ ಸಾಧಕಿ ಆ ಚರ್ಚಿನ ಗೋಡೆಗೆ ಅಂಟಿದ ಚಿಕ್ಕ ಕೋಣೆಯೊಳಗೆ ಸ್ವಇಚ್ಛೆಯಿಂದ ಸೇರಿ, ಬಾಗಿಲು ಮುಚ್ಚಿಸಿಕೊಂಡು, 1514ರಲ್ಲಿ ತೀರಿಕೊಳ್ಳುವವರೆಗೆ 57 ವರ್ಷ ಅಲ್ಲಿಯೇ ಇದ್ದರು. ಅವರ ಹಾಡುಗಳು ಉಳಿದಿವೆ. ಒಂದೇ ಜಾಗದಲ್ಲಿ ಕೂರುವುದರಲ್ಲಿ ನಾವ್ಯಾರೂ ಅವರನ್ನು ಮೀರಲಾರೆವು.

ಬಿಸಿಲಿದ್ದರೆ ಕಂದಕದ ಪೂರ್ವ ಮತ್ತು ದಕ್ಷಿಣದ ದಂಡೆಯ ಉದ್ಯಾನಕ್ಕೆ ಹೋಗಿ. 19ನೆಯ ಶತಮಾನದಲ್ಲಿ ಹಳೆಯ ಕೋಟೆಗೋಡೆಗಳನ್ನು ಕೆಡವಿದಾಗ ಯಾನ್ ಡೇವಿಡ್ ಜೋಹರ್ ಎಂಬ ಉದ್ಯಾನ ಶಿಲ್ಪಿ ರೂಪಿಸಿದ್ದು. ದಾರಿ ಸಮತಟ್ಟು, ಬೆಂಚುಗಳಿಗೆ ಬರವಿಲ್ಲ.


ಮಂದಗಾಮಿ

ಎಲ್ಲರಿಗೂ ಕೃತಜ್ಞತೆಗಳು. ಹೋಗಿ ಬಂದ ಮೇಲೆ ವರದಿ ಒಪ್ಪಿಸುವುದು ಧರ್ಮವೆಂದು ಬರೆಯುತ್ತಿದ್ದೇನೆ. ಡೆಲ್ಫ್ಟ್ ಅಭಿಮಾನಿ ಅವರು ಕ್ಷಮಿಸಬೇಕು, ನಾವು ಉಟ್ರೆಕ್ಟಿಗೇ ಹೋದೆವು. ನಿಮ್ಮ ಊರನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇವೆ.

ಹತ್ತೂವರೆಗೆ ಇಳಿದೆವು. ಎಚ್ಚರಿಸಿದ್ದರೂ ಮಳಿಗೆಗಳ ಕಟ್ಟಡದೊಳಗೆ ಇಪ್ಪತ್ತು ನಿಮಿಷ ದಾರಿ ತಪ್ಪಿದೆವು. ವಿದ್ಯುತ್ ದೋಣಿಯನ್ನು ಮೊದಲೇ ಕಾದಿರಿಸಿದ್ದೆವು, ಹುಟ್ಟುಗೋಲು ಅವರ ಮಾತಿನಂತೆ ಬ್ಯಾಟರಿಯ ಸೂಚಕವನ್ನು ಐವರೂ ಒಬ್ಬರಾದ ಮೇಲೆ ಒಬ್ಬರು ಪರೀಕ್ಷಿಸಿದ್ದನ್ನು ಕಂಡು ದೋಣಿ ಕೊಡುವವರು ನಕ್ಕರು. ಅದೃಷ್ಟಕ್ಕೆ ದೋಣಿ ಹತ್ತುವ ಜಾಗದಲ್ಲಿ ಮೆಟ್ಟಿಲು ಕಡಿಮೆಯಿತ್ತು. ಮೊಣಕಾಲಿನ ಗೆಳೆಯನಿಗೆ ಚುಕ್ಕಾಣಿ ಕೊಟ್ಟೆವು, ಆ ದಿನ ಎಲ್ಲರಿಗಿಂತ ಹೆಚ್ಚು ದೂರ ಹೋದವನು ತಾನೇ ಎಂದು ಅವನು ಈಗಲೂ ಹೇಳಿಕೊಳ್ಳುತ್ತಿದ್ದಾನೆ. ದೀಪದ ಕಂಬಗಳ ಕೆಳಗಿನ ಕೆತ್ತನೆಗಳ ಬಗ್ಗೆ ಹೇಳಿದ್ದು ದೊಡ್ಡ ಉಪಕಾರವಾಯಿತು. ಛಾಯಾಗ್ರಾಹಕ ಗೆಳೆಯ ಒಂದೂ ಬಿಡಬಾರದೆಂದು ಹಟ ಹಿಡಿದದ್ದರಿಂದ ನಾವು ಪೂರ್ತಿ ಸುತ್ತು ಹೊಡೆಯಲಾಗಲಿಲ್ಲ, ಔಡೆಗ್ರಾಕ್ಟಿನಲ್ಲೇ ಹೋಗಿ ಅದರಲ್ಲೇ ಮರಳಿದೆವು.

ಒಂದು ಗಂಟೆಗೆ ಕವಿತೆಯ ಜಾಗಕ್ಕೆ ಹೋದೆವು. ಕಲ್ಲುಕುಟಿಗರು ನೆಲದ ಮೇಲೆ ಮಂಡಿಯೂರಿ ಕೆತ್ತುತ್ತಿದ್ದರು. ಸುತ್ತ ಏಳೆಂಟು ಜನರಿದ್ದರು ಅಷ್ಟೆ. ಯಾವ ಪದದ ಯಾವ ಅಕ್ಷರವೆಂದು ನಮಗೆ ತಿಳಿಯಲಿಲ್ಲ, ಆದರೂ ಮುಗಿಯುವವರೆಗೆ ಯಾರೂ ಕದಲಲಿಲ್ಲ. ನಮ್ಮ ಮೂವರು ಮಾತುಗಾರರು ಮಾತಿಲ್ಲದೆ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ.

ಊರುಗೋಲು ಅವರ ಸೂತ್ರದಂತೆ ಒಂದೇ ಸಲ ಇಳಿದು, ಟ್ವೈನ್‌ಸ್ಟ್ರಾಟ್ ಕಡೆಯ ಕಟ್ಟೆಯೊಂದರ ಮೇಲೆ ಊಟಕ್ಕೆ ಕುಳಿತೆವು. ಬ್ರೆಡ್ಡು, ಗಿಣ್ಣು, ಸೂಪು, ಆಮೇಲೆ ಸೇಬಿನ ಕೇಕು. ಎರಡು ಗಂಟೆಗೆ ಕುಳಿತವರು ಎದ್ದದ್ದು ನಾಲ್ಕೂವರೆಗೆ, ಅದೂ ಮಳೆ ಬಂದದ್ದರಿಂದ. ಮಳೆ ನಿಲ್ಲುವವರೆಗೆ ಕಮಾನಿನ ಕೆಳಗಿನ ನೆಲಮಾಳಿಗೆಯೊಳಗೆ ಸೇರಿಕೊಂಡೆವು. ನೀರಿನ ಮೇಲೆ ಹನಿ ಬೀಳುವುದನ್ನು ನೀರಿನ ಮಟ್ಟದಿಂದಲೇ ನೋಡುವುದಕ್ಕೆ ಬೇರೆ ಯಾವ ಊರಿನಲ್ಲಿ ಅನುಕೂಲವಿದೆಯೋ ಗೊತ್ತಿಲ್ಲ. ಗೋಪುರವನ್ನು ಹತ್ತಲಿಲ್ಲ. ಬಯಲಿನಲ್ಲಿ ನಿಂತು, ಇಲ್ಲದಿರುವ ಚರ್ಚಿನ ಕಂಬಗಳ ಗುರುತಿನ ಮೇಲೆ ಒಬ್ಬೊಬ್ಬರು ನಿಂತು ಫೋಟೋ ತೆಗೆಸಿಕೊಂಡೆವು. ಸಂಗ್ರಹಾಲಯಕ್ಕೂ ನ್ಯೂವೆಗ್ರಾಕ್ಟಿಗೂ ಸಮಯ ಸಿಗಲಿಲ್ಲ.

ಕೊನೆಗೆ ಮೀನಿನ ಕರೆಗಂಟೆ. ವೇರ್ಡ್‌ಸ್ಲೌಸ್ ತಲುಪಿದಾಗ ಆರೂವರೆ. ಜಲದ್ವಾರದ ಪಕ್ಕದಲ್ಲಿ ನಿಂತು, ನಮ್ಮ ಕಾಲ ಕೆಳಗಿನ ನೀರಿನೊಳಗೆ ಏನಿದೆಯೆಂದು ಐವರೂ ಒಂದೇ ಮೊಬೈಲಿನೊಳಗೆ ಇಣುಕುತ್ತಿದ್ದೆವು. ಹಸಿರು ಬಣ್ಣದ ಮಬ್ಬು, ತೇಲುವ ಕಸ, ಒಮ್ಮೆ ಒಂದು ಎಲೆ. ಎಲೆಗೆ ಒಬ್ಬ ಗಂಟೆ ಒತ್ತಲು ಹೋದ, ತಡೆದೆವು. ಇಪ್ಪತ್ತು ನಿಮಿಷವಾದ ಮೇಲೆ ಪರದೆಯ ಎಡಗಡೆಯಿಂದ ಉದ್ದನೆಯ ಕಪ್ಪು ಮೀನೊಂದು ಬಂದು, ಕ್ಯಾಮೆರಾದ ಮುಂದೆ ನಿಂತು, ಅಲ್ಲಿಯೇ ಉಳಿಯಿತು. ಐವರ ಬೆರಳುಗಳೂ ಒಟ್ಟಿಗೆ ಒತ್ತಿದವು. ದ್ವಾರ ಮಾತ್ರ ನಾವಿದ್ದಷ್ಟು ಹೊತ್ತು ತೆರೆಯಲಿಲ್ಲ. ಏಳೂಕಾಲಿನ ರೈಲನ್ನು ಬಿಟ್ಟು ಏಳೂಮುಕ್ಕಾಲಿನ ರೈಲಿಗೆ ಹೊರಟಾಗಲೂ ಮೀನು ಅಲ್ಲಿಯೇ ಇತ್ತು.